ಮೇಲಿನಕ್ಕ ಮತ್ತು ಹಾರಿ ಬಂದ ಜೇಡಮರಿಗಳು

ಆ ಕಟ್ಟಡದ ಕೆಲಸದಲ್ಲಿದ್ದವರೆಲ್ಲ ಅವಳನ್ನು ಮೇಲಿನಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬುತ್ತಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಟವರ್ ಕ್ರೇನಿನ ಏಣಿ ಹತ್ತಿದಳೆಂದರೆ, ಸಂಜೆಯವರೆಗೆ ನೆಲದ ಮೇಲಿದ್ದವರಿಗೆ ಅವಳು ಬರೀ ವಾಕಿಟಾಕಿಯ ದನಿ. ಕಬ್ಬಿಣದ ಕಂಬಿ, ಸಿಮೆಂಟಿನ ಬಕೆಟ್ಟು, ಕಿಟಕಿಯ ಚೌಕಟ್ಟು ಎಲ್ಲವೂ ಅವಳ ಕೈಯಳತೆಯಲ್ಲಿ ಮೇಲೇರಿ, ಹೂವಿಟ್ಟ ಹಾಗೆ ಕೂರುತ್ತಿದ್ದವು.

ಮೊದಲು ಅವಳು ಕೆಳಗೆ ಸಾಮಾನಿನ ಲಿಫ್ಟ್ ನಡೆಸುತ್ತಿದ್ದಳು. ಆಗ ಕ್ರೇನಿನಲ್ಲಿದ್ದವನು ಮೊಣಕಾಲು ನೋವಿನ ಮುದುಕ. ಒಮ್ಮೆ ಹತ್ತಿದರೆ ಊಟಕ್ಕೂ ಇಳಿಯುತ್ತಿರಲಿಲ್ಲ. ಅವನ ಬುತ್ತಿ ಕೊಟ್ಟುಬರಲು ಯಾರನ್ನು ಕಳಿಸಿದರೂ ಅರ್ಧ ದಾರಿಯಲ್ಲೇ ಹೆದರಿ ಹಿಂದಿರುಗುತ್ತಿದ್ದರು. ಇವಳು ಮಾತ್ರ ತವರುಮನೆಯ ಅಟ್ಟ ಹತ್ತಿದಂತೆ ಹತ್ತಿಹೋಗಿ, ಏದುಸಿರೂ ಬಿಡದೆ, “ಆರೋಕೆ ಮುಂಚೆ ತಿಂದುಬಿಡಿ” ಎಂದಳು. ಕೊಕ್ಕೆ ಖಾಲಿ ಇದ್ದ ಆ ಹೊತ್ತಿನಲ್ಲಿ ಮುದುಕ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಲಿವರ್ ಹಿಡಿಸಿದ. ಹಾಗೆ ಊಟದ ಹೊತ್ತಿನಲ್ಲೇ ಕಲಿತು, ಪರೀಕ್ಷೆಗೆ ಕೂತು ಪಾಸಾಗಿ, ಮುದುಕ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಕುರ್ಚಿಗೆ ಇವಳೇ ಬಂದಳು.

ಇಂಥವಳಿಗೆ ಜೇಡ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಬಚ್ಚಲಿನ ಮೂಲೆಯಲ್ಲಿ ಒಂದು ಕಂಡಿತೋ, ಒದ್ದೆ ಕಾಲಿನಲ್ಲೇ ಓಡಿಬಂದು ಮಂಚ ಹತ್ತಿ ನಿಂತುಬಿಡುತ್ತಿದ್ದಳು. ಗಂಡನಿಗೆ ಬೀಗದ ಕೈ ಮಾಡುವ ಅಂಗಡಿ. ಎಂಥ ಬೀಗವನ್ನೂ ಪಳಗಿಸುವ ಅವನು ಈ ವಿಷಯದಲ್ಲಿ, “ನನ್ನ ಕರೀಬೇಡ, ಅಮ್ಮನ್ನ ಕರಿ” ಎಂದು ಬಾಗಿಲಾಚೆ ಜಾರಿಕೊಳ್ಳುತ್ತಿದ್ದ. ಕೊನೆಗೆ ಬರುತ್ತಿದ್ದವರು ಅತ್ತೆ. ಆಯಸ್ಸೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ಹೊಲಿದ ಹೆಂಗಸು. ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಕೊಡವುತ್ತಾ, “ಆಕಾಶದಲ್ಲಿ ಕೂತು ಕಬ್ಬಿಣ ಎತ್ತೋಳು, ಉಗುರಿನಷ್ಟು ಹುಳಕ್ಕೆ ಮಂಚ ಹತ್ತಿದ್ದೀಯಲ್ಲೇ” ಎನ್ನುತ್ತಿದ್ದರು.

“ಅಲ್ಲಿ ಜೇಡ ಇಲ್ಲ ಅತ್ತೆ, ಅದಕ್ಕೇ ಅಲ್ಲಿ ಧೈರ್ಯ” ಎಂದು ಅವಳು ಮಂಚದ ಮೇಲಿಂದಲೇ ಉತ್ತರ ಕೊಡುತ್ತಿದ್ದಳು. ತಮಾಷೆಗೆ ಹೇಳಿದ ಮಾತಲ್ಲ. ಕ್ರೇನಿನ ಮೇಲಿನ ಗಾಜಿನ ಕ್ಯಾಬಿನ್ನಿನಲ್ಲಿ ಕೂತಾಗ ಅವಳಿಗೆ ನಿಜವಾಗಿಯೂ ಆ ನೆಮ್ಮದಿಯಿತ್ತು.

ಕೆಲವು ದಿನ ಮಂಜು ಮುಸುಕಿ, ಒಂದು ಬೆಳಿಗ್ಗೆ ಹಿತವಾದ ಬಿಸಿಲು ಬಂತು. ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಅವತ್ತಿನ ಮುಖ್ಯ ಕೆಲಸ ನೀರಿನ ದೊಡ್ಡ ಟ್ಯಾಂಕೊಂದನ್ನು ತಾರಸಿಗೆ ಏರಿಸುವುದು. ತಾರಸಿಯಲ್ಲಿ ನಾಲ್ವರು ಕೆಲಸಗಾರರು ಅದನ್ನು ಕೂರಿಸಿಕೊಳ್ಳಲು ಸಿದ್ಧರಾಗಿದ್ದರು. ಅವರ ಜೊತೆ ನಿಂತು ವಾಕಿಟಾಕಿಯಲ್ಲಿ ಎಡಕ್ಕೆ ಬಲಕ್ಕೆ ಹೇಳುವವನು ರೇಡಿಯೋ. ಬಾಯಿಗೆ ಬಿಡುವೇ ಇಲ್ಲದ ಆಸಾಮಿಗೆ ಬಿದ್ದ ಅಡ್ಡಹೆಸರು ಅದು.

ಟ್ಯಾಂಕು ನೆಲಬಿಟ್ಟು ಅರ್ಧಕ್ಕೆ ಬಂದಿತ್ತು. ಗಾಜಿನಾಚೆ ಏನೋ ಮಿಂಚಿದಂತಾಯಿತು. ಎಲ್ಲೋ ಹಾಸಿಗೆಯ ಹತ್ತಿ ಹಿಂಜುತ್ತಿದ್ದಾರೆ ಎಂದುಕೊಂಡಳು. ಇನ್ನೊಂದು ಎಳೆ ತೇಲಿಬಂತು, ಮತ್ತೊಂದು. ಒಂದರ ತುದಿ ಗಾಜಿಗೆ ಅಂಟಿಕೊಂಡಿತು. ಆ ತುದಿಯಲ್ಲಿ ಸಾಸಿವೆಯಷ್ಟು ಏನೋ ಇತ್ತು. ನೋಡುತ್ತಿದ್ದಂತೆ ಅದಕ್ಕೆ ಕಾಲು ಬಂದು, ಗಾಜಿನ ಮೇಲೆ ಸರಸರನೆ ಓಡಿತು.

ಟ್ಯಾಂಕು ಗಾಳಿಯಲ್ಲಿ ನಿಂತಿತು.

“ಅಕ್ಕ, ಯಾಕೆ ನಿಲ್ಲಿಸಿದ್ರಿ?” ರೇಡಿಯೋನ ದನಿ.

“ಜೇಡ.”

“ಏನು?”

“ಜೇಡ ಬಂದಿದೆ ಕಣಪ್ಪ.”

“ಅಷ್ಟು ಮೇಲಕ್ಕಾ? ಏಣಿ ಹತ್ಕೊಂಡು ಬಂತಾ?”

“ಹಾರ್ಕೊಂಡು ಬಂತು.”

ವಾಕಿಟಾಕಿ ಇಬ್ಬರದ್ದೇ ಸ್ವತ್ತಲ್ಲ. ಇಂಜಿನಿಯರಮ್ಮನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಕೈಯಲ್ಲೂ ಒಂದೊಂದಿತ್ತು. ಕೆಳಗಿನಿಂದ ಗೊಳ್ಳೆಂದು ನಗು ಕೇಳಿಸಿತು. ಯಾರೋ, “ಅದಕ್ಕೂ ಹೆಲ್ಮೆಟ್ ಹಾಕಿಸಿ ಅಕ್ಕ” ಎಂದರು.

ಅಷ್ಟರಲ್ಲಿ ಗಾಳಿಗೆಂದು ಅವಳು ತೆರೆದಿಟ್ಟಿದ್ದ ಪಕ್ಕದ ಕಿಟಕಿಯಿಂದ ಎರಡು ಮೂರು ಎಳೆಗಳು ಒಳಗೇ ಬಂದವು. ಒಂದು ಮರಿ ಅವಳ ಮಣಿಕಟ್ಟಿನ ಮೇಲೆ ಇಳಿಯಿತು. ಕೊಡವೋಣವೆಂದರೆ ಎರಡೂ ಕೈ ಲಿವರ್ ಮೇಲಿವೆ. ಮಂಚ ಹತ್ತೋಣವೆಂದರೆ ಮಂಚವಿಲ್ಲ.

“ರೇಡಿಯೋ,” ಎಂದಳು ವಾಕಿಟಾಕಿಯ ಕಾಲುಗುಂಡಿ ಒತ್ತಿ, ದನಿ ಸಣ್ಣಗಾಗಿತ್ತು, “ಕೈ ಮೇಲೆ ಕೂತಿದೆ.”

ಆ ದನಿ ಕೇಳಿ ರೇಡಿಯೋನ ನಗು ನಿಂತುಹೋಯಿತು. ಕೆಳಗೆ ಇನ್ನೂ ನಗುತ್ತಲೇ ಇದ್ದರು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಅಕ್ಕ, ನನಗೆ ಕೋಳಿ ಅಂದ್ರೆ ಭಯ.”

“ಏನಂದೆ?”

“ಕೋಳಿ. ಬದುಕಿರೋ ಕೋಳಿ. ಚಿಕ್ಕೋನಿದ್ದಾಗ ಒಂದು ಅಟ್ಟಿಸ್ಕೊಂಡು ಬಂತು, ಇವತ್ತಿಗೂ ಹೆದರಿಕೆ ಹೋಗಿಲ್ಲ. ನನ್ನ ಹೆಂಡತಿ ತವರಲ್ಲಿ ಕೋಳಿ ಸಾಕ್ತಾರೆ. ನಾನು ಬರ್ತೀನಿ ಅಂದ್ರೆ ನಮ್ಮ ಮಾವ ಮೊದಲು ಗೂಡಿನ ಬಾಗಿಲು ಹಾಕಿ ಬರ್ತಾರೆ. ಈಗ ಮೇಲೆತ್ತಿ... ಸ್ವಲ್ಪ ಎಡಕ್ಕೆ... ಸಾಕು. ಅಳಿಯ ಬಂದ ಅಂತ ಎಲ್ಲರ ಮನೇಲೂ ಬಾಗಿಲು ತೆಗೀತಾರೆ, ನಮ್ಮಲ್ಲಿ ಬಾಗಿಲು ಹಾಕ್ತಾರೆ. ಮೆಲ್ಲಗೆ... ಹಾಂ, ಹಾಗೇ ಬರಲಿ.”

ಕೆಳಗಿನ ನಗುವೆಲ್ಲ ಅವನ ಕಡೆ ತಿರುಗಿತು. ಯಾರೋ ಕೋಳಿಯಂತೆ ಕೂಗಿದರು. ಅವನು ಅದಕ್ಕೆಲ್ಲ ಕಿವಿಗೊಡದೆ, ಮಾವನ ಹಿತ್ತಲು, ಕೆಂಪು ಜುಟ್ಟಿನ ಹುಂಜ, ತಾನು ಬಟ್ಟೆ ಒಣಹಾಕುವ ಕಂಬ ಹತ್ತಿದ್ದು ಎಂದು ಹೇಳುತ್ತಾ ಹೋದ. ನಡುನಡುವೆ ಎಡ, ಬಲ, ಮೆಲ್ಲಗೆ. ಮೇಲಿನಕ್ಕ ಮಣಿಕಟ್ಟಿನ ಕಡೆ ನೋಡದೆ ಅವನ ದನಿಯನ್ನೇ ಹಿಡಿದು ಟ್ಯಾಂಕನ್ನು ತಾರಸಿಯ ಮೇಲಕ್ಕೆ ತಂದು ಇಳಿಸಿದಳು. ಅದು ತನ್ನ ಜಾಗದಲ್ಲಿ ಕೂತಾಗ ಒಂದಿಷ್ಟೂ ಸದ್ದಾಗಲಿಲ್ಲ.

ಯಂತ್ರ ನಿಲ್ಲಿಸಿ ಕೈ ನೋಡಿಕೊಂಡಳು. ಮರಿ ಅಲ್ಲಿರಲಿಲ್ಲ. ಕ್ಯಾಬಿನ್ನಿನಲ್ಲಿ ಎಲ್ಲಿ ಅಡಗಿದೆಯೋ ಎಂಬ ದಿಗಿಲಿನಿಂದ ಬಾಗಿಲು ತೆಗೆದು ಹೊರಗಿನ ಕಿರುದಾರಿಗೆ ಬಂದಳು. ಅಲ್ಲಿ ಕೈಕಂಬಿಯ ಉದ್ದಕ್ಕೂ ಅವೇ, ಹತ್ತಾರು. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಹಾಗಾಗಿ ನಿಂತು ನೋಡುವುದೊಂದೇ ಉಳಿಯಿತು.

ಒಂದು ಮರಿ ಕಂಬಿಯ ಅಂಚಿಗೆ ಬಂದು ನಿಂತಿತು. ಎಂಟೂ ಕಾಲುಗಳನ್ನು ನೆಟ್ಟಗೆ ಮಾಡಿ, ಎತ್ತರದ ಕಪಾಟಿಗೆ ಕೈ ಚಾಚುವ ಮಗುವಿನಂತೆ ತುದಿಗಾಲಲ್ಲಿ ನಿಂತು, ಹೊಟ್ಟೆಯ ಹಿಂಭಾಗವನ್ನು ಮೇಲಕ್ಕೆತ್ತಿತು. ಅಲ್ಲಿಂದ ಕಂಡೂ ಕಾಣದ ಎಳೆಯೊಂದು ಹೊರಟು, ಬಿಸಿಲಿಗೆ ಮಿಂಚಿ, ಉದ್ದವಾಗುತ್ತಾ ಹೋಯಿತು. ಗಾಳಿ ಸಾಲಲಿಲ್ಲವೋ ಏನೋ, ಮರಿ ಕಾಲು ಮಡಚಿ ಕೂತಿತು. ಮತ್ತೆ ಎದ್ದಿತು. ಈ ಸಲ ಎಳೆ ಬಿಗಿಯಾಯಿತು, ಕಾಲುಗಳು ಕಂಬಿಯನ್ನು ಬಿಟ್ಟವು, ಮರಿ ಹೊರಟುಹೋಯಿತು. ನೆಗೆಯಲೂ ಇಲ್ಲ, ಬೀಳಲೂ ಇಲ್ಲ. ಯಾರೋ ಮೇಲಿನಿಂದ ಮೆಲ್ಲಗೆ ಎತ್ತಿಕೊಂಡಂತೆ. ಅಷ್ಟು ನಾಜೂಕಾಗಿ ಎತ್ತುವುದು ಅವಳಿಗೆ ಗೊತ್ತಿದ್ದ ಕೆಲಸ. ಅವಳಿಗೆ ತಿಳಿಯದೆಯೇ ಬಾಯಿಂದ “ಭೇಷ್” ಎಂದು ಹೊರಟಿತು.

ಸಂಜೆಯವರೆಗೆ ಮೇಲೇ ಇರುವವಳು ಅವತ್ತು ಬುತ್ತಿ ಹಿಡಿದು ಊಟಕ್ಕೆ ಕೆಳಗಿಳಿದಾಗ ಇಂಜಿನಿಯರಮ್ಮ ಅವಳಿಗಾಗಿಯೇ ಕಾಯುತ್ತಿದ್ದಳು. “ನಕ್ಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಕ್ಕ. ಪಕ್ಕದ ಖಾಲಿ ಜಾಗದ ಹುಲ್ಲಲ್ಲಿ ಮೊಟ್ಟೆ ಒಡೆದಿರಬೇಕು. ಒಂದೇ ಕಡೆ ಇದ್ರೆ ತಿನ್ನೋಕೆ ಸಾಲಲ್ಲ, ಒಂದನ್ನೊಂದು ತಿಂದುಬಿಡ್ತವೆ. ಅದಕ್ಕೆ ಮರಿಗಳು ಹೀಗೆ ನೂಲು ಬಿಟ್ಟು ಊರು ಬಿಡ್ತವಂತೆ” ಎಂದಳು.

“ಎಲ್ಲಿಗೆ ಹೋಗ್ತವೆ?”

“ಗಾಳಿ ಬಿಟ್ಟ ಕಡೆ.”

ರೇಡಿಯೋ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ. ಮೇಲಿನಕ್ಕ ಅವನ ಎದುರು ಕೂತು ಮೆತ್ತಗೆ ಕೇಳಿದಳು: “ನಿಜ ಹೇಳು. ಕೋಳಿ ಕಥೆ ನನಗೋಸ್ಕರ ಕಟ್ಟಿದ್ದು ತಾನೆ?”

“ಸುಳ್ಳು ಹೇಳಿ ಮಾನ ಕಳ್ಕೊಳ್ಳೋ ಅಷ್ಟು ದಡ್ಡ ಅಲ್ಲ ನಾನು,” ಎಂದ ಅವನು. “ನಿಜಾನೇ ಅಕ್ಕ. ಇಷ್ಟು ವರ್ಷ ಗುಟ್ಟಾಗಿತ್ತು.” ಆಮೇಲೆ, “ಬಟ್ಟೆಯ ಕಂಬ ಹತ್ತಿದ್ದು ಮಾತ್ರ ಹೇಳಬಾರದಿತ್ತು” ಎಂದು ತಲೆ ಕೆರೆದುಕೊಂಡ. ಅವಳು ತನ್ನ ಬುತ್ತಿಯಲ್ಲಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವನ ತಟ್ಟೆಗೆ ಬಡಿಸಿದಳು.

ಸಂಜೆ ಮನೆಯಲ್ಲಿ ಕಥೆ ಹೇಳಿದರೆ ಅತ್ತೆ ನಂಬಲಿಲ್ಲ. “ರೆಕ್ಕೆ ಇಲ್ಲದ್ದು ಹಾರುತ್ತಾ? ಬಿಸಿಲಿಗೆ ತಲೆ ತಿರುಗಿರಬೇಕು, ನೀರು ಕುಡಿ.”

“ನೂಲು ಬಿಟ್ಕೊಂಡು ಹಾರ್ತವೆ ಅತ್ತೆ. ನಿಮಗೆ ಕಾಣದಷ್ಟು ಸಣ್ಣ ನೂಲು.”

ಅತ್ತೆಗೆ ಮೂಗಿನ ತುದಿಗೆ ಕೋಪ ಬಂತು. “ನೂಲು ಅಂತೀಯ, ನನಗೆ ಕಾಣಲ್ಲ ಅಂತೀಯ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿದ ಕಣ್ಣು ಕಣೇ ಇದು.”

ಮರುದಿನ ರಜೆ. ಬಿಸಿಲೇರುತ್ತಿದ್ದಂತೆ ಅತ್ತೆ, ಸೊಸೆ ಇಬ್ಬರೂ ತಾರಸಿಗೆ ಹೋದರು. ಮೊದಲು ಏನೂ ಕಾಣಲಿಲ್ಲ. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಆ ಕಡೆ ಈ ಕಡೆ ಸರಿದು, ಕೊನೆಗೆ ಮೆಟ್ಟಿಲ ಕೋಣೆಯ ನೆರಳಿನಲ್ಲಿ ನಿಂತು, ಗೋಡೆಯಂಚಿಗೆ ಸೂರ್ಯನನ್ನು ಮರೆಮಾಡಿಕೊಂಡು ನೋಡಿದರು. ಆಮೇಲೆ ಅವರ ಕೈ ತಾನಾಗಿ ಕೆಳಗಿಳಿಯಿತು. ಊರ ಮೇಲೆಲ್ಲ ಎಳೆಗಳು ತೇಲುತ್ತಿದ್ದವು. ಮನೆಗಳ ಮೇಲೆ, ತಂತಿಗಳ ಮೇಲೆ, ಅವರಿಬ್ಬರ ತಲೆಯ ಮೇಲೆ, ಒಂದರ ಹಿಂದೊಂದು.

“ಅಯ್ಯೋ ನಿನ್ನ,” ಎಂದರು ಅತ್ತೆ ಮೆಲ್ಲಗೆ. “ಇದನ್ನ ಪೋಣಿಸೋ ಸೂಜಿ ಎಲ್ಲಿ ಸಿಗುತ್ತೆ?”

ಒಂದು ಎಳೆ ಬಂದು ಅತ್ತೆಯ ಬೆರಳಿಗೇ ತೊಡರಿಕೊಂಡಿತು. ಮರಿ ಬೆರಳಿನ ಮೇಲೆ ಓಡಾಡಿ, ಉಗುರಿನ ತುದಿಗೆ ಬಂದು ನಿಂತಿತು. ಮೇಲಿನಕ್ಕ ಎರಡು ಹೆಜ್ಜೆ ಹಿಂದೆ ಸರಿದವಳು, ನೋಡುವ ಆಸೆಗೆ ಒಂದು ಹೆಜ್ಜೆ ಮುಂದೆ ಬಂದಳು. “ಈಗ ತುದಿಗಾಲಲ್ಲಿ ನಿಲ್ಲುತ್ತೆ ನೋಡಿ ಅತ್ತೆ” ಎಂದು ಪಿಸುಗುಟ್ಟಿದಳು. ಅದು ನಿಂತಿತು.

ಅಷ್ಟರಲ್ಲಿ ಗಂಡ ಮೆಟ್ಟಿಲು ಹತ್ತಿ ಬಂದ. “ಅಮ್ಮಾ, ಇಲ್ಲೇನು ಮಾಡ್ತಿದ್ದೀರಿ ಇಬ್ಬರೂ? ಒಲೆ ಮೇಲೆ ಹಾಲು ಉಕ್ಕೋ ಹಾಗಿದೆ.”

“ಉಕ್ಕಲಿ,” ಎಂದರು ಅತ್ತೆ, ಬೆರಳು ಅಲುಗಿಸದೆ. “ಇದು ಹೊರಡ್ತಾ ಇದೆ. ನೀನು ಅಲ್ಲೇ ನಿಲ್ಲು, ಉಸಿರು ಬಿಡಬೇಡ.”

ಅವನು ಹೇಳಿದಷ್ಟು ಮಾಡಿದ. ಎಳೆ ಉದ್ದವಾಯಿತು, ಬಿಗಿಯಾಯಿತು. ಮೂವರೂ ಕತ್ತೆತ್ತಿ, ಪಕ್ಕದ ಮನೆಯ ಒಣಹಾಕಿದ ಬಟ್ಟೆಗಳನ್ನು ದಾಟಿ ಅದು ಕಾಣದಾಗುವವರೆಗೆ ನೋಡಿದರು. ಉಕ್ಕಿ ಸೀದ ಹಾಲಿನ ಪಾತ್ರೆಯನ್ನು ಆ ದಿನ ಗಂಡನೇ ಉಜ್ಜಿದ.