ಟೆಂಗಿನ ನೀರು ಕುಡಿದ ಕಂಪ್ಯೂಟರ್

ಆ ಕಂಪ್ಯೂಟರ್ ಸತ್ತದ್ದು ನನ್ನ ನೆಲಾ ಒರೆಸೋ ಅರಿವಿಯಿಂದ ಅಲ್ಲ. ಅದಕ್ಕ ಟೆಂಗಿನಕಾಯಿ ನೀರು ಕುಡಿಸಿ ಕೊಂದವರು ನಮ್ಮೂರ ರೈತರ ಸೊಸಾಯಿಟಿಯ ಚೇರಮನ್ನರು. ನಾನು ಕಣ್ಣಾರೆ ನೋಡೇನಿ. ಮೂವತ್ತು ವರ್ಷದ ಮ್ಯಾಲಾತು, ಆದರೂ ಇದರಾಗ ಒಂದಕ್ಷರ ಬದಲು ಮಾಡೂದಿಲ್ಲ.

ಈಗ ಯಾಕ ಬರೆಯಾಕತ್ತೇನಿ ಅಂದ್ರ, ಮೊನ್ನೆ ಸೊಸಾಯಿಟಿಯ ಹೊಸ ಕಟ್ಟಡದ ಉದ್ಘಾಟನೆ ಇತ್ತು. ಮೈಕ್ ಹಿಡಿದ ಒಬ್ಬ ಮನಷ್ಯಾ, "ನಮ್ಮೂರಿಗೆ ಕಂಪ್ಯೂಟರ್ ಎಲ್ಲಾರಿಗಿಂತ ಮೊದಲ ಬಂದಿತ್ತು. ಆದ್ರ ಕಸಾ ಹೊಡಿಯಾಕಿ ಒಬ್ಬಾಕಿ ಅದಕ್ಕ ಜಳಕಾ ಮಾಡಿಸಿಬಿಟ್ಲು" ಅಂದ. ಮಂದಿ ಬಿದ್ದು ಬಿದ್ದು ನಕ್ಕರು. ಆ ಕಸಾ ಹೊಡಿಯಾಕಿ ಅಲ್ಲೇ ಹೆಂಗಸರ ಸಾಲಿನಾಗ ಕುಂತು ಉಪ್ಪಿಟ್ಟು ತಿನ್ನಾಕತ್ತಿದ್ದಳು. ಬಾಜೂಕ ಕುಂತ ನನ್ನ ಮೊಮ್ಮಗಳೂ ನಕ್ಕಳು. ಆಕಿಗೆ ಗೊತ್ತಿರಲಿಲ್ಲ, ಅದು ನಾನ ಅಂತ. ಮನಿಗೆ ಬಂದು ಆಕಿಯ ಪೆನ್ನು ಕಸಗೊಂಡೆ. ನಾನು ಓದಿದ್ದು ಎರಡನೇ ಇಯತ್ತೆ. ಕಾಗುಣಿತ ತಪ್ಪಿದ್ರ ತಿದ್ದು, ಮಾತು ತಿದ್ದಬ್ಯಾಡ ಅಂತ ಆಕಿಗೆ ಹೇಳೇನಿ.

ನಮ್ಮದು ಹಾನಗಲ್ ತಾಲೂಕು, ಭತ್ತದ ಸೀಮೆ. ಸೊಸಾಯಿಟಿಯಾಗ ಕಸಾ ಹೊಡಿಯೂದು, ಕುಡಿಯೋ ನೀರು ತುಂಬೂದು ಆಗ ನನ್ನ ಕೆಲಸ. ಆ ಕೆಲಸದ ಮ್ಯಾಲೆ ಮಗಳು ಹಾನಗಲ್ಲಿಗೆ ಬಸ್ಸಿನ್ಯಾಗ ಹೈಸ್ಕೂಲಿಗೆ ಹೋಗತಿದ್ದಳು. ನಮ್ಮ ಮನಿಯವರು ಹಮಾಲಿ ಮಾಡತಿದ್ದರು, ಆದರ ಆ ವರ್ಷ ಅವರ ನಡಾ ಹಿಡಕೊಂಡು ದುಡಿಮಿ ಅಷ್ಟಕ್ಕಷ್ಟೇ ಆಗಿತ್ತು.

ಕಂಪ್ಯೂಟರ್ ಹುಬ್ಬಳ್ಳಿಯಿಂದ ಜೀಪಿನ್ಯಾಗ ಬಂತು. ಶಿಗ್ಗಾವಿ ರಸ್ತೆಯ ಕುಲುಕಾಟಕ್ಕ ಕೆಡಬಾರದು ಅಂತ ಕೂಸಿಗೆ ಸುತ್ತಿದಂಗ ಕೌದಿ ಸುತ್ತಿದ್ದರು. ಅದರ ಜೋಡಿ ಬಂದವರು ಒಬ್ಬ ಕಾಲೇಜಿನ ಸರ್. ಕಟ್ಟೆಯ ಮ್ಯಾಲೆ ಕುಂತ ರೈತರಿಗೆ ತಿಳಿಸಿ ಹೇಳಿದರು: "ಇದು ಪ್ರಯೋಗ ರೀ. ಮಳಿ ಎಷ್ಟು ಬಿತ್ತು, ಥಂಡಿ ಎಷ್ಟು, ಮೋಡ ಎಷ್ಟು ದಿನಾ ಕವಿದಿತ್ತು ಅಂತ ತುಂಬಿಕೋತ ಹೋದ್ರ, ಭತ್ತಕ್ಕ ಬೆಂಕಿ ರೋಗ ಯಾವಾಗ ಬೀಳ್ತೈತಿ ಅಂತ ಇದು ಮೊದಲ ಹೇಳ್ತೈತಿ. ಹಳ್ಳ್ಯಾಗ ಇದು ನಡಿತೈತೋ ಇಲ್ಲೋ ನೋಡೂದ ನಮ್ಮ ಸಂಶೋಧನೆ. ಇಲ್ಲಿ ನಡೀತಂದ್ರ ಹಿರೇಕೆರೂರ ಕಡೇನೂ ಒಂದು ಇಡ್ತೀವಿ."

"ಮನ್ಯಾಗ ಜಗಳ ಯಾವಾಗ ಬೀಳ್ತೈತಿ ಅಂತನೂ ಹೇಳ್ತೈತೇನ್ರಿ?" ಅಂತ ಮುದುಕನೊಬ್ಬ ಕೇಳಿದ.

"ಅದನ್ನ ನಿಮ್ಮ ಮನಿಯವರನ್ನ ಕೇಳ್ರಿ, ಕಾಕಾ. ಅವರು ಇದಕ್ಕಿಂತ ಮೊದಲ ಹೇಳ್ತಾರ."

ಸರ್ ಕೆಟ್ಟವರೇನಲ್ಲ. ವಾರಕ್ಕೊಮ್ಮೆ ಬಂದು ಸೊಸಾಯಿಟಿಯಾಗ ಕಂಪ್ಯೂಟರ್ ಇಟ್ಟ ಕೋಣೆಯಾಗ ಕೆಲಸಾ ಮಾಡತಿದ್ದರು, ನಾನು ಕಿಡಕಿಯಿಂದ ನೋಡತಿದ್ದೆ. ಕರೀ ಗಾಜಿನ ಮ್ಯಾಲೆ ಹಸರ ಅಕ್ಷರ ಮೂಡತಿದ್ದವು. ಕನ್ನಡ ಬರಸೂದು ಆಗ ಅವರಿಗೂ ಹೊಸಾದು. ಭತ್ತ ಅಂತ ಬರದ್ರ ತಾವತ್ತು ಕೆಳಗ ಕೂಡೂದು ಬಿಟ್ಟು ಬಾಜೂಕ ಹೋಗಿ ನಿಲ್ಲತಿತ್ತು.

"ಸರ್ರ, ನಿಮ್ಮ ಭತ್ತದ ಕಾಲು ಮುರದೈತಲ್ರಿ" ಅಂದೆ.

"ಅದನ್ನ ಕೂಡಸಾಕಂತ ನಮ್ಮ ಕಾಲೇಜಿನ್ಯಾಗ ಮಂದಿ ನಿದ್ದಿಗೆಟ್ಟಾರ, ಅಕ್ಕಾರ" ಅಂತ ನಕ್ಕರು.

ಕಿಡಕಿಯಿಂದ ಯಾಕಂದ್ರ ಒಳಗ ಬರಬ್ಯಾಡ ಅಂದಿದ್ದರು. ಅಂದವರು ಸೆಕ್ರೆಟರಿ. "ಧೂಳಿ ಹೋದ್ರ ಮಷೀನ್ ಕೆಡತೈತಿ. ನೀ ಹೊರಗಿಂದ ಹೊರಗ ಹೋಗು."

"ಧೂಳಿ ಬ್ಯಾಡಂದ್ರ ಕಸಾ ಹೊಡಿಬೇಕಲ್ರಿ?"

"ಹೊಡದ್ರ ಏಳತೈತಿ."

ಹಿಂಗಾಗಿ ಇಡೀ ಸೊಸಾಯಿಟಿಯಾಗ ಧೂಳಿ ಆರಾಮ ಕುಂತದ್ದು ಅದೊಂದ ಕೋಣೆಯಾಗ. ಚೇರಮನ್ನರು, ಅವರ ಬೀಗರು, ಬೀಗರ ಮಕ್ಕಳು ಎಲ್ಲಾರೂ ಚಪ್ಪಲಿ ಬಿಟ್ಟು ಒಳಗ ಹೋಗಿ ಕೈ ಮುಗಿದು ಬರತಿದ್ದರು. ಗುಡಿಯ ಹೊರಗ ನಿಲ್ಲೂದು ನಮ್ಮ ಓಣಿಯವರಿಗೆ ಮೊದಲಿಂದಲೂ ರೂಢಿ. ಇಲ್ಲಿ ಧೂಳಿಯ ಹೆಸರು ಹೇಳಿ ನಿಲ್ಲಿಸಿದರು, ಅಷ್ಟ ಫರಕು.

ನವಮಿ ಬಂತು. ಕೆಲಸದ ಸಾಮಾನಿಗೆಲ್ಲ ಪೂಜಿ ಮಾಡೋ ದಿನ. ಸೆಕ್ರೆಟರಿ ಅವತ್ತ ಮೊದಲ ಸಲ, "ಒಳಗ ಬಾ, ನೆಲಾ ಒರಸು, ಚೇರಮನ್ನರು ಬರ್ತಾರ" ಅಂದರು. ಹೋದೆ. ಅರಿವಿ ಹಿಂಡಿ ಹಿಂಡಿ ನೆಲಾ ಒರೆಸಿದೆ. ಟೇಬಲ್ಲಿಗೆ ಸೈತ ಕೈ ಹಚ್ಚಲಿಲ್ಲ. ಆಮ್ಯಾಲೆ ಬಾಗಿಲಾಗ ನಿಂತೆ, ಪೂಜಿ ಮುಗಿದ ಮ್ಯಾಲೆ ಹೂವು, ಕಾಯಿ ಚೂರು ಬಳಿಯೂದು ಇರತೈತಲ್ಲ.

ಚೇರಮನ್ನರು ತಮ್ಮ ಟ್ರ್ಯಾಕ್ಟರಿನ ಪೂಜಿ ಮುಗಿಸಿ ಅದ ಹುರುಪಿನ್ಯಾಗ ಬಂದರು. ಗಾಜಿಗೆ ಮೂರು ಬಟ್ಟು ವಿಭೂತಿ, ಅಕ್ಷರದ ಗುಂಡಿಗೆಲ್ಲ ಕುಂಕುಮ, ಮ್ಯಾಲೆ ಚೆಂಡು ಹೂವಿನ ಮಾಲಿ. ಕಾಯಿ ಕೈಗೆ ತಗೊಂಡರು.

"ಕಾಯಿ ಹೊಸ್ತಿಲಿಗೆ ಒಡದ್ರ ಸಾಕ್ರಿ" ಅಂದರು ಸೆಕ್ರೆಟರಿ, ಮೆಲ್ಲಕ.

"ಟ್ರ್ಯಾಕ್ಟರಿಗೆ ಎಲ್ಲಿ ಬಿಡ್ತೀವಿ ನೀರು? ತೆಲಿ ಮ್ಯಾಲೆ. ಇದೇನು ಟ್ರ್ಯಾಕ್ಟರಿಗಿಂತ ದೊಡ್ಡದೇನು?"

ಕಾಯಿ ಒಡದು ನೀರನ್ನ ಆ ಟೀವಿಯಂಥ ಡಬ್ಬಿಯ ನೆತ್ತಿಗೆ ಹೊಯ್ದರು. ನೆತ್ತಿಯ ಮ್ಯಾಲೆ ಗಾಳಿ ಆಡಲಿಕ್ಕೆ ಜರಡಿಯಂಥ ತೂತು ಇದ್ದವು. ಕಾಯಿ ದೊಡ್ಡದು. ಒಂದು ಹನಿ ಹೊರಗ ಬರಲಿಲ್ಲ.

"ನೋಡ್ರಿ, ಪೂರಾ ಕುಡೀತು!" ಅಂದರು ಚೇರಮನ್ನರು, ಭಾಳ ಖುಷೀಲೆ. ಎಲ್ಲಾರೂ ಮಂಗಳಾರತಿ ತಗೊಂಡರು.

ಬನ್ನಿ ಹಬ್ಬ ಮುಗಿದು ಸೊಸಾಯಿಟಿ ಬಾಗಿಲು ತೆಗೆದ ದಿನ ಸೆಕ್ರೆಟರಿ ಸ್ವಿಚ್ ಹಾಕಿದರು. ಚರ್ರ್ ಅಂತು, ಸುಟ್ಟ ವಾಸನಿ ಬಂತು, ಮುಗೀತು. ಸುದ್ದಿ ಮುಟ್ಟಿ ಸರ್ ಹುಬ್ಬಳ್ಳಿಯಿಂದ ಓಡಿ ಬಂದರು. ಸ್ಕ್ರೂ ಬಿಚ್ಚಿದ್ರ ಒಳಗಿಂದ ಕೆಂಪಿರುವಿ ಸಾಲುಗಟ್ಟಿ ಹೊರಟವು. ಸರ್ ಒಳಗ ಬಟ್ಟು ಆಡಿಸಿ ಮೂಸಿ ನೋಡಿದರು. ಚೇರಮನ್ನರ ಮುಖಾ ನೋಡಿದರು. ಆಮ್ಯಾಲೆ ನೆಲಾ ನೋಡಿದರು.

"ತೇವಾಂಶ" ಅಂದರು.

"ತೇವಾಂಶ ಅಂದ್ರ?"

"ನೀರು ಹೋಗೇತ್ರಿ."

ಸೆಕ್ರೆಟರಿ ತಿರುಗಿ ನನ್ನ ನೋಡಿದರು. "ನೆಲಾ ಒರಸಿದಾಕಿ ಈಕಿನ" ಅಂದರು. ಸರ್ ಬಿಚ್ಚಿದ ಸ್ಕ್ರೂ ತಿರುಗಿ ಹಾಕಾಕ ಹತ್ತಿದರು. ಅವರಿಗೆ ಇನ್ನೊಂದು ಮಷೀನ್ ಇಡಲಿಕ್ಕೆ ಚೇರಮನ್ನರು ಕೊಟ್ಟ ಆ ಕೋಣೆ ಬೇಕಿತ್ತು, ಅದು ನನಗ ತಿಳಿತೈತಿ. ಅವರ ಮ್ಯಾಲೆ ಸಿಟ್ಟಿಲ್ಲ ಅಂತ ಬರೆದ್ರ ಸುಳ್ಳಾದೀತು. ಸಿಟ್ಟೈತಿ.

ಅವತ್ತ ಸಂಜಿಗೆ ಸೆಕ್ರೆಟರಿ ನಮ್ಮ ಮನಿ ಬಾಗಿಲಿಗೆ ಬಂದರು. "ನಾಳೆ ಮೀಟಿಂಗ್ ಐತಿ. 'ತಪ್ಪಾತು' ಅಂತ ಒಂದ ಮಾತು ಅಂದ್ಬಿಡು. ಕೆಲಸಾ ಉಳಿತೈತಿ. ಇಲ್ಲಂದ್ರ ಬ್ಯಾರೆಯವರನ್ನ ನೋಡ್ತಾರ."

ಅವರು ಹೋದ ಮ್ಯಾಲೆ ನಮ್ಮ ಮನಿಯವರು, "ಅಂದ್ಬಿಡ ಅತ್ಲಾಗ. ಒಂದು ಮಾತಿಗೇನು ತೂಕ ಐತಿ?" ಅಂದರು.

"ತೂಕ ಇಲ್ಲಂದ್ರ ಅವರ ಅನ್ನಲಿ."

"ಮಗಳ ಸಾಲಿ ಬಿಡಸ್ತೀಯೇನು?"

ರೊಟ್ಟಿ ಬಡಿಯಾಕ ಕುಂತೆ. ಮಗಳು ಒಲಿ ಮುಂದ ಓದಿಕೋತ ಕುಂತಿದ್ದಳು, ಎಲ್ಲಾ ಕೇಳಿಸಿಕೊಂಡಳು. ನಿಮ್ಮವ್ವ ತಪ್ಪಾತು ಅಂದ್ಲು ಅಂತ ಆಕಿ ಬಸ್ಸಿನ್ಯಾಗ ಕೇಳಬೇಕಾಗತೈತಿ ಅಂತ ನೆನಿಸಿದೆ. ನನಗ ಅಷ್ಟ ಸಾಕಾತು.

ಮೀಟಿಂಗಿನ್ಯಾಗ ಮೆಂಬರ್ ಮಂದಿ ಜಮಖಾನೆ ಮ್ಯಾಲೆ ಕುಂತಿದ್ದರು, ಸರ್ ಕುರ್ಚಿ ಮ್ಯಾಲೆ. ನಾನು ಬಾಗಿಲಾಗ.

"ಆಗಿದ್ದಾತು ಬೇ" ಅಂದರು ಚೇರಮನ್ನರು, ಸಣ್ಣ ದನೀಲೆ. "ಸಭಾಕ್ಕ ಒಂದ್ಮಾತು ಹೇಳಿ ಹೋಗು."

"ಏನಂತ ಹೇಳ್ಲಿರಿ?"

"ತಪ್ಪಾತು ಅಂತ."

"ಯಾರದ್ರಿ?"

ಹಿಂದ ಯಾರೋ ಕಿಸಕ್ಕಂತ ನಕ್ಕರು. ಚೇರಮನ್ನರ ಹುಬ್ಬು ಏರಿತು. ನಾನು ಅಲ್ಲಿಗೆ ಬಿಡಲಿಲ್ಲ. "ನಾ ಒರಸಿದ್ದು ನೆಲಾ ರೀ. ನೆಲಾ ಚಲೋ ಐತಿ, ಬೇಕಂದ್ರ ನೋಡಿ ಬರ್ರಿ. ನೀವು ತೊಯ್ಸಿದ್ದು ಅದರ ನೆತ್ತಿ. ನನ್ನ ಬಕೆಟ್ಟಿನ ನೀರಿಗೆ ಇರುವಿ ಬರಂಗಿಲ್ರಿ."

"ಸರ್, ನೀವ ಹೇಳ್ರಿ" ಅಂದರು ಚೇರಮನ್ನರು.

ಸರ್ ಚಷ್ಮಾ ತೆಗೆದು ಒರೆಸಿಕೊಂಡರು. "ತೇವಾಂಶ ಎಲ್ಲಿಂದ ಬಂತು ಅಂತ ಖಾತ್ರಿ ಹೇಳಾಕ ಬರೂದಿಲ್ರಿ."

"ಬೆಂಕಿ ರೋಗ ಬರೂದಕ್ಕಿಂತ ಮೊದಲ ಹೇಳ್ತೀವಿ ಅಂದಿದ್ರಲ್ರಿ ಸರ್ರ. ಕಾಯಿ ನೀರು ಬಿದ್ದು ಹೋದ ಮ್ಯಾಲೂ ಹೇಳಾಕ ಬರೂದಿಲ್ಲೇನ್ರಿ?"

ಅವರು ಚಷ್ಮಾ ಒರೆಸೂದು ನಿಲ್ಲಿಸಲಿಲ್ಲ.

"ನಾಳೆಯಿಂದ ಕೆಲಸಕ್ಕ ಬರಬ್ಯಾಡ" ಅಂದರು ಚೇರಮನ್ನರು.

"ನನ್ನ ಇಟ್ಟಿದ್ದು ಸಭಾ. ಬಿಡಸೂದಿದ್ರ ಸಭಾನ ಬಿಡಸಲಿ. ಕೈ ಎತ್ತಸ್ರಿ."

ಯಾರೂ ಎತ್ತಲಿಲ್ಲ. ಒಬ್ಬರು ಫ್ಯಾನ್ ನೋಡಿದರು, ಒಬ್ಬರು ಎಲಿಗೆ ಸುಣ್ಣಾ ಹಚ್ಚಿಕೋತ ಕುಂತರು. ನನ್ನ ಮ್ಯಾಲಿನ ಪ್ರೀತಿಗಂತೂ ಅಲ್ಲ. ಪೂಜಿ ದಿನ ಅವರಾಗ ಅರ್ಧ ಮಂದಿ ಅಲ್ಲೇ ನಿಂತು ನೋಡಿದ್ದರು. ಎತ್ತಿದ ಕೈ ಸುಳ್ಳು ಹೇಳಬೇಕಾಗತಿತ್ತು. ಅಷ್ಟರಾಗ ಚಹಾ ಬಂತು, ಮೀಟಿಂಗ್ ಮುರೀತು. ಸಭಾ ಬಾ ಅಂತ ಅನ್ನಲಿಲ್ಲ, ಹೋಗು ಅಂತನೂ ಅನ್ನಲಿಲ್ಲ.

ಮರುದಿನ ಮುಂಜಾನೆ ಮಗಳನ್ನ ಬಸ್ಸಿಗೆ ಹತ್ತಿಸಿ ಸೀದಾ ಸೊಸಾಯಿಟಿಗೆ ಹೋಗಿ ಕಟ್ಟೆ ಮ್ಯಾಲೆ ಕುಂತೆ. ಸೆಕ್ರೆಟರಿ ಸೈಕಲ್ ನಿಲ್ಲಿಸಿ, "ಬರಬ್ಯಾಡ ಅಂದಿದ್ರಲ್ಲ?" ಅಂದರು.

"ಸಭಾ ಅಂದಿಲ್ಲ. ಕೀಲಿ ಕೊಡ್ರಿ."

"ಚೇರಮನ್ನರು ನನಗ ಬೈತಾರವಾ."

"ನನ್ನ ಕಡೆ ಕಳಸ್ರಿ. ನಾ ಇಲ್ಲೇ ಇರ್ತೇನಿ."

ಸೆಕ್ರೆಟರಿ ರಸ್ತೆ ಕಡೆ ಒಮ್ಮೆ ತಿರುಗಿ ನೋಡಿದರು. ಆಮ್ಯಾಲೆ ಕಿಸೆಯಿಂದ ಕೀಲಿ ತೆಗೆದು ಕೊಟ್ಟರು. ಬಾಗಿಲು ತೆಗೆದು, ಕೊಡಾ ತಗೊಂಡು, ನೀರು ತರಾಕ ಹೋದೆ.