ಮೂರನೇ ಮಹಡಿಗೆ ಹೊತ್ತೊಯ್ಯುವ ಎಬೊ

ಬೆಳಗಿನ ಆರು ಗಂಟೆ. ಟಕೊರಾಡಿಯ ಬಂದರಿನಿಂದ ಉಪ್ಪುಗಾಳಿ ಬೀಸುತ್ತಿದೆ. ಎಬೊ ಎಸುಮಾನ್ ನ್ಯಾಯಾಲಯದ ಮೆಟ್ಟಿಲು ಒರೆಸುತ್ತಿದ್ದಾರೆ. ಒಮ್ಮೆ ಒದ್ದೆ ಬಟ್ಟೆಯಲ್ಲಿ, ಎರಡು ಸಲ ಒಣಬಟ್ಟೆಯಲ್ಲಿ. ಇಷ್ಟೇಕೆ ಮುತುವರ್ಜಿ ಎಂದು ಕೇಳಿದರೆ ನಗುತ್ತಾರೆ. "ಜಾರಿದ್ರೆ ನಾನೊಬ್ನೇ ಬೀಳಲ್ಲ, ಬೆನ್ನ ಮೇಲೆ ಇನ್ನೊಬ್ರು ಇರ್ತಾರೆ."

ಅಂಗವೈಕಲ್ಯ ವಿಮೆಯ ವ್ಯಾಜ್ಯಗಳು ನಡೆಯುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ನಡೆಯಲಾರೆ ಎಂದು ಸಾಬೀತು ಮಾಡಲು ಬಂದವರು ಮೊದಲು ಅರವತ್ತೆರಡು ಮೆಟ್ಟಿಲು ಹತ್ತಬೇಕು! ಈ ಏರ್ಪಾಟು ಮಾಡಿದ ಪುಣ್ಯಾತ್ಮ ಯಾರೋ, ಹೊರುವವರಂತೂ ಐವತ್ತೊಂದು ವರ್ಷದ ಎಬೊ. ಅವರ ಕೆಲಸ ಕಸ ಗುಡಿಸುವುದಷ್ಟೇ. ಹದಿನಾಲ್ಕು ವರ್ಷದ ಹಿಂದೆ ಮುದುಕರೊಬ್ಬರು ಒಂದೊಂದೇ ಮೆಟ್ಟಿಲು ತೆವಳುವುದನ್ನು ನೋಡಲಾರದೆ ಪೊರಕೆ ಬಿಸಾಕಿ ಎತ್ತಿಕೊಂಡರು. ಅಂದಿನಿಂದ ವಿಚಾರಣೆಯ ದಿನ ಮೂರು ನಾಲ್ಕು ಮಂದಿಯನ್ನು ಹೊರುತ್ತಾರೆ. ರಾತ್ರಿ ಮಡದಿ ಅರಾಬಾ ಸೊಂಟಕ್ಕೆ ಶಿಯಾ ಕಾಯಿಯ ಬೆಣ್ಣೆ ತಿಕ್ಕುತ್ತಾರೆ, ಬೈಗುಳ ಬೆರೆಸಿ. "ನಿನ್ನ ಸೊಂಟ ಮುರಿದ್ರೆ ನಿನ್ನನ್ನ ಯಾವನು ಹೊರ್ತಾನೆ?"

ಇವತ್ತು ಜೋಜೊ ಅರ್ಹಿನ್ ಅವರ ಸರದಿ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು, ಮೇಲಿಂದ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡರು. ಕಂಪನಿ ವಿಮೆಯ ಹಣ ತಡೆಹಿಡಿದು ಮೂರು ವರ್ಷವಾಯಿತು. ಮಕ್ಕಳು ಶಾಲೆ ಬಿಟ್ಟಿದ್ದಾರೆ. ಗಾಲಿಕುರ್ಚಿಯನ್ನು ಕೆಳಗೆ, ಜೋಳದ ಹಿಟ್ಟಿನ ಉಂಡೆ ಕೆಂಕಿ ಮಾರುವಾಕೆಯ ಬಳಿ ಬಿಟ್ಟು ಇಪ್ಪತ್ತೇಳನೆಯ ಸಲ ಎಬೊ ಅವರ ಬೆನ್ನೇರುತ್ತಾರೆ.

"ದಪ್ಪ ಆಗಿದ್ದೀಯಲ್ಲೋ!"

"ನಿನ್ಗೇ ವಯಸ್ಸಾಯ್ತು, ಮಾವ." ಇಲ್ಲಿ ಎಲ್ಲರಿಗೂ ಎಬೊ ಸೋದರಮಾವನೇ.

ಒಳಗೆ ಕಂಪನಿಯ ವಕೀಲರು ಒಂದು ಫೋಟೊ ಮುಂದಿಡುತ್ತಾರೆ. ಮೂರನೇ ಮಹಡಿಯ ಬೆಂಚಿನ ಮೇಲೆ ಜೋಜೊ. ಸುತ್ತ ಎಲ್ಲೂ ಗಾಲಿಕುರ್ಚಿಯಿಲ್ಲ. "ಇಪ್ಪತ್ತಾರು ಸಲ ತಪ್ಪದೆ ಮೇಲೆ ಬಂದಿದ್ದಾರೆ. ನಡೆಯದೆ ಹೇಗೆ ಬಂದ್ರು?"

"ನನ್ನ ಬೆನ್ನ ಮೇಲೆ ಬಂದ್ರು!" ಬಾಗಿಲ ಬಳಿ ನಿಂತಿದ್ದ ಎಬೊ ಕೂಗಿಬಿಡುತ್ತಾರೆ. ನ್ಯಾಯಾಧೀಶೆ ಗದರುತ್ತಾರೆ. ಆಮೇಲೆ ಪ್ರಮಾಣ ಮಾಡಿಸಿ ಕಟಕಟೆಗೆ ಹತ್ತಿಸುತ್ತಾರೆ.

ವಕೀಲರು ಹುಬ್ಬೇರಿಸುತ್ತಾರೆ. "ಅವ್ರು ನಾಟಕ ಆಡ್ತಿರಬಹುದಲ್ಲ? ನೀನೇನು ಡಾಕ್ಟರಾ?"

"ಅಲ್ಲ ಸಾರ್, ಹೊರೋನು. ಮೆಟ್ಟಿಲ ತಿರುವಲ್ಲಿ ನಾನು ವಾಲಿದಾಗ, ಕಾಲಲ್ಲಿ ಜೀವ ಇದ್ದೋರ ತೊಡೆ ತಾನಾಗೇ ನನ್ನ ಸೊಂಟ ಬಿಗಿ ಹಿಡಿಯುತ್ತೆ. ನಿದ್ದೆ ಹೋದ ಮಗುನೂ ಹಿಡಿಯುತ್ತೆ. ಹೋದ್ವರ್ಷ ಒಬ್ನು ಹಿಡಿದ. ಅಲ್ಲೇ ಇಳಿಸಿ, 'ನಡಿಯಪ್ಪ ರಾಜ' ಅಂದೆ. ಜೋಜೊ ಕಾಲು ಮೂರು ವರ್ಷದಲ್ಲಿ ಒಂದ್ಸಲಾನೂ ಹಿಡಿದಿಲ್ಲ. ಹಿಡೀಲಿ ಅಂತ ಪ್ರತಿ ಸಲ ಬೇಡ್ಕೊಂಡಿದ್ದೀನಿ."

ವಕೀಲರು ಕಾಗದ ತಿರುವಿ ಕೂತುಬಿಡುತ್ತಾರೆ. ಜೋಜೊ ಕಡೆಯ ವೈದ್ಯರ ವರದಿಗೂ ಈ ಮಾತಿಗೂ ತಾಳೆಯಾಗುತ್ತದೆ ಎನ್ನುತ್ತಾರೆ ನ್ಯಾಯಾಧೀಶೆ. ಮಧ್ಯಾಹ್ನದ ಹೊತ್ತಿಗೆ ತೀರ್ಪು ಬರುತ್ತದೆ. ಕಂಪನಿ ಹಿಂದಿನ ಬಾಕಿಯನ್ನೂ ಕೊಡಬೇಕು, ಇನ್ನು ಮುಂದೆ ತಿಂಗಳು ತಿಂಗಳೂ ಕೊಡಬೇಕು. ಹದಿನಾಲ್ಕು ವರ್ಷ ಆ ಕೋಣೆಯ ಹೊರಗೇ ಕಾದ ಮನುಷ್ಯನ ಮಾತಿಗೆ ಅಲ್ಲಿ ಬೆಲೆ ಬಂದದ್ದು ನೋಡಿ ಖುಷಿಯಾಗುತ್ತದೆ.

ಇಳಿಯುವಾಗ ಜೋಜೊ ಅಳುತ್ತಿದ್ದಾರೆ. ಎಬೊ ಅಂಗಿಯ ಹೆಗಲು ಒದ್ದೆ.

"ಇನ್ಮೇಲೆ ನೀನು ನೆನಪಾಗ್ತೀಯ ಮಾವ."

"ನೆನಪಾದ್ರೆ ಹೇಳಿ ಕಳಿಸು, ಮನೆಗೇ ಬರ್ತೀನಿ. ಮೀನು ಹುರಿದಿಡು," ಎನ್ನುತ್ತಾರೆ ಎಬೊ, ಅವರನ್ನು ಕುರ್ಚಿಗೆ ಇಳಿಸುತ್ತ. "ಇಲ್ಲಿ ಮಾತ್ರ ಮತ್ತೆ ಕಾಣಿಸ್ಕೋಬೇಡ."