ಅಮ್ಮ ಎತ್ತಿಟ್ಟ ಬಿಂದಿಗೆ

“ಇನ್ಮೇಲೆ ನಮ್ಮೋರ ಬಿಂದಿಗೆ ಈ ಕಡೆ, ಸಾಬ್ರದ್ದು ಆ ಕಡೆ” ಎನ್ನುತ್ತಾ ಇಬ್ಬರು ಯುವಕರು ಗಂಗಾನಗರದ ನಮ್ಮ ಬೀದಿಯ ನಲ್ಲಿ ಮುಂದಿದ್ದ ಒಂದು ಸಾಲನ್ನು ಎರಡು ಮಾಡಿಬಿಟ್ಟರು. ಎಂಬತ್ತರ ದಶಕದ ಒಂದು ಬೆಳಗ್ಗೆ ಅದು. ಪೇಟೆ ಕಡೆ ಗಲಾಟೆಯಾಯಿತೆಂಬ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ಹೆಂಗಸರೆಲ್ಲ ನೆಲ ನೋಡುತ್ತಾ ನಿಂತರು. ಕಾಲೇಜು ಓದುತ್ತಿದ್ದ ನಾನೂ ಅಷ್ಟೇ.

ಪಕ್ಕದ ಮನೆಯ ಜುಬೇದಮ್ಮ ತಮ್ಮ ಬಿಂದಿಗೆಯನ್ನು ಆ ಕಡೆ ಒಯ್ದಿಟ್ಟರು. ಅವರಿಗೂ ನನ್ನಮ್ಮನಿಗೂ ಸರದಿಯ ವಿಷಯಕ್ಕೆ ದಿನಾ ಜಗಳ. ಅವರಿಬ್ಬರ ಗಂಟಲು ಕೇಳಿದರೆ ನಲ್ಲಿಯಲ್ಲಿ ನೀರು ಬಂತೆಂದೇ ಬೀದಿಗೆ ಲೆಕ್ಕ.

ಅಮ್ಮ ತನ್ನ ಹಿತ್ತಾಳೆ ಬಿಂದಿಗೆ ಎತ್ತಿಕೊಂಡು ಹೋಗಿ ಜುಬೇದಮ್ಮನ ಬಿಂದಿಗೆಯ ಪಕ್ಕ ಠಣ್ಣನೆ ಇಟ್ಟಳು. “ಬೆಳಗ್ಗೆ ಇವಳ ಜೊತೆ ಜಗಳ ಆಡ್ಲಿಲ್ಲ ಅಂದ್ರೆ ನಂಗೆ ಕಾಫಿ ಸೇರಲ್ಲ ಕಣ್ರೋ. ಅಷ್ಟು ದೂರದಿಂದ ಕಿರುಚ್ಕೊಂಡ್ರೆ ನನ್ ಗಂಟಲು ಹೋಗಲ್ವಾ?”

ಯಾರೋ ಕಿಸಕ್ಕನೆ ನಕ್ಕರು. ಒಂದೊಂದಾಗಿ ಉಳಿದ ಬಿಂದಿಗೆಗಳೂ ಅಮ್ಮನ ಹಿಂದೆ ಹೋದವು. ಯುವಕರು ಗೊಣಗುತ್ತಾ ಜಾಗ ಖಾಲಿ ಮಾಡಿದರು. ಜುಬೇದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸಾಲಿನ ಕಡೆ ನೋಡಿದವರೇ, “ಅದ್ಸರಿ ಜಯಮ್ಮಾ, ಈ ಗಲಾಟೇಲಿ ನನಗಿಂತ ಮುಂದೆ ಇಟ್ಬಿಟ್ಯಲ್ಲ!” ಎಂದು ಶುರು ಮಾಡಿದರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಈಗ ಮನೆಮನೆಗೂ ನಲ್ಲಿ ಬಂದಿದೆ. ಆದರೂ ಜನರನ್ನು ಎರಡು ಸಾಲು ಮಾಡಲು ಯಾರಾದರೂ ಬಂದಾಗಲೆಲ್ಲ ನನ್ನ ಕೈ ಅಮ್ಮನ ಆ ಬಿಂದಿಗೆಯನ್ನು ಹುಡುಕುತ್ತದೆ.